ಸೀನಿಗೆ ಮ್ಯೂಸಿಕ್ ಕಲಿಯೋಕೆ: ಕೋರ್ಸಾ, ಮೇಷ್ಟ್ರಾ, ಮೂಕಿ ಚಿತ್ರವಾ?

ಹಿನ್ನೆಲೆ ಸಂಗೀತ ಕಲಿಯಲು ಮೂರು ದಾರಿ ಹಿಡಿದು ನೋಡಿದ್ದೇನೆ. ದುಡ್ಡು ಕೊಟ್ಟು ಕೊಂಡ ಆನ್‌ಲೈನ್ ಕೋರ್ಸು, ನಮ್ಮ ಏರಿಯಾದ ಕೀಬೋರ್ಡ್ ಮೇಷ್ಟ್ರು, ಮನೆಯಲ್ಲೇ ಕೂತು ಹಳೇ ಮೂಕಿ ಚಿತ್ರಗಳಿಗೆ ಮ್ಯೂಸಿಕ್ ಹಾಕೋದು. ನನ್ನ ಓಟು ಮೂಕಿ ಚಿತ್ರಕ್ಕೆ. ಕೋರ್ಸಿಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದರ ಪಾಠಗಳೇನೂ ಕೆಟ್ಟದಾಗಿರಲಿಲ್ಲ. ತಕರಾರು ಇದ್ದದ್ದು ಅಭ್ಯಾಸದ ಸೀನುಗಳಲ್ಲಿ. ಪ್ರತಿ ಸೀನಿನ ಜೊತೆ ಒಂದು ಪಟ್ಟಿ ಬರುತ್ತಿತ್ತು: ಯಾವ ಸೆಕೆಂಡಿಗೆ ಏನಾಗುತ್ತದೆ ಅಂತ. ಒಂದು ಭಯದ ಸೀನಿನಲ್ಲಿ ಬಾಗಿಲು ಸರಿಯಾಗಿ ಒಂದು ನಿಮಿಷಕ್ಕೆ ಬಡಿಯಬೇಕು. ನಾನು ವಯಲಿನ್‌ಗಳನ್ನು ಮೆಲ್ಲಗೆ ಏರಿಸುತ್ತಾ ಹೋಗಿ ಅಲ್ಲೇ ಡ್ರಮ್ಮಿನ ಹೊಡೆತ ಇಟ್ಟೆ. ಪ್ಲೇ ಮಾಡಿದರೆ, ಬಾಗಿಲು ಬಡಿದು, ಆಸಾಮಿ ಆರಾಮಾಗಿ ಒಳಗೆ ಬಂದ ಮೇಲೆ ‘ಧಡ್’ ಅನ್ನುತ್ತದೆ! ಭಯ ಹೋಗಿ ಕಾಮಿಡಿ ಆಯಿತು.

ಕಾರಣ ಫ್ರೇಮ್ ರೇಟು. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮು. ಪಟ್ಟಿ ಆ ಲೆಕ್ಕದ್ದು. ವಿಡಿಯೊ ಮಾತ್ರ ಟಿವಿಗಾಗಿ 25 ಫ್ರೇಮಿನಲ್ಲಿ ಓಡಿಸಿದ ಕಾಪಿ. ಹಾಗಾಗಿ 60ನೇ ಸೆಕೆಂಡಿನ ಬಾಗಿಲು 57.6ಕ್ಕೇ ಬಡಿಯುತ್ತದೆ. ಎರಡು ನಿಮಿಷದ ಸೀನು ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ 5 ಸೆಕೆಂಡು ವ್ಯತ್ಯಾಸ. ದೂರು ಬರೆದರೆ ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ’ ಅಂತ ಉತ್ತರ ಬಂತು. ಪಟ್ಟಿಯ ಪ್ರತಿ ಸಾಲನ್ನೂ 0.96ರಿಂದ ಗುಣಿಸುತ್ತಾ ಕೂತೆ. ಸಂಗೀತ ಕಲಿಯೋಕೆ ಹೋದರೆ ಮಗ್ಗಿ ಗಂಟುಬಿತ್ತು.

ಮೇಷ್ಟ್ರಿಗೆ ಸಿನಿಮಾದ ಗೊಡವೆಯೇ ಇಲ್ಲ. ಆದರೆ ಮೂಡ್ ಬದಲಿಸೋದು ಏನು ಅಂತ ತೋರಿಸಿದವರು ಅವರೇ. ಶಿವರಂಜನಿ ರಾಗ ನುಡಿಸುತ್ತಾ ಇದ್ದವರು ಗಾಂಧಾರದ, ಅಂದರೆ ‘ಗ’ ಸ್ವರದ, ಕಪ್ಪು ಕೀ ಬಿಟ್ಟು ಪಕ್ಕದ ಬಿಳಿ ಕೀ ಒತ್ತಿದರು. ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬಂತು, ರಾಗ ಮೋಹನ ಆಯಿತು. ಸ, ರಿ, ಪ, ದ ಇದ್ದಲ್ಲೇ ಇವೆ. ಒಂದೇ ಬೆರಳಿಗೆ ಅಳು ನಗುವಾಯಿತು, ಅಲ್ವಾ? ಫೀಸೂ ಕಡಿಮೆ.

ಇನ್ನು ಮೂಕಿ ಚಿತ್ರ. ಹಕ್ಕುಸ್ವಾಮ್ಯ ಮುಗಿದವು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ರೀಪರ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರಿಗೆ ಎಳೆದು ಹಾಕಿ, ಅದರಲ್ಲಿರುವ ಪಿಯಾನೊ ಮ್ಯೂಟ್ ಮಾಡಿ, ಬೇಕಾದ ಕಡೆ ‘ಎಂ’ ಒತ್ತಿ ಮಾರ್ಕರ್ ಇಡುತ್ತೇನೆ. ಪಟ್ಟಿ ನನ್ನದೇ ಆದ್ದರಿಂದ 24-25ರ ಜಗಳವಿಲ್ಲ. ಕಳ್ಳ ಓಡಿ ಬೇಲಿ ಹಾರಲು 6 ಸೆಕೆಂಡು ಅಂದುಕೊಳ್ಳಿ. ಟೆಂಪೊ ನಿಮಿಷಕ್ಕೆ 120 ಬೀಟು ಇದ್ದರೆ 12 ಬೀಟು. ಆದಿತಾಳದ ಒಂದು ಸುತ್ತು, ಅಂದರೆ ಆವರ್ತ, 8 ಬೀಟಿನದು; ಹಾಗಾಗಿ ಒಂದೂವರೆ ಆವರ್ತ. ಅವನು ಹಾರುವುದು ಆವರ್ತದ ನಟ್ಟನಡುವೆ. 80ಕ್ಕೆ ಇಳಿಸಿದರೆ 8 ಬೀಟು, ಸರಿಯಾಗಿ ಒಂದು ಆವರ್ತ. ಮುಂದಿನ ಆವರ್ತದ ಮೊದಲ ಏಟಿಗೆ ಹಾರುತ್ತಾನೆ. ನಿಧಾನ ಅನ್ನಿಸಿದರೆ ಎರಡನೇ ಕಾಲದಲ್ಲಿ, ಅಂದರೆ ಅದೇ ತಾಳಕ್ಕೆ ಎರಡು ಪಟ್ಟು ವೇಗದಲ್ಲಿ, ನುಡಿಸಿದರಾಯಿತು.

ಒಂದು ಕೊರತೆ ಇದೆ. ಮೂಕಿ ಚಿತ್ರದಲ್ಲಿ ಮಾತಿಲ್ಲ. ಹೆಣ್ಣಿನ ದನಿಯ ಮೇಲೆ ಕೊಳಲು ಕೂತು ಮಾತು ಮುಚ್ಚಿಹೋಗುವ ಕಷ್ಟ ಅಲ್ಲಿ ಗೊತ್ತಾಗೋದಿಲ್ಲ. ಅದಕ್ಕೆ ಗೆಳೆಯರ ಕಿರುಚಿತ್ರವೇ ಆಗಬೇಕು.

ನಾನು ಕೆಲಸ ಮುಗಿಸಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂರುವವನು. ನನಗೆ ವಾರಕ್ಕೊಂದು ಕ್ಲಾಸು, ಉಳಿದ ದಿನ ಮೂಕಿ ಚಿತ್ರ ಸಾಕು. ರೀಪರ್ 60 ದಿನ ಉಚಿತ, ಆಮೇಲೆ ಸ್ವಂತ ಬಳಕೆಯ ಲೈಸೆನ್ಸು 60 ಡಾಲರ್. ಕೋರ್ಸೇ ಬೇಕು ಅನ್ನುವವರು ದುಡ್ಡು ಕಟ್ಟುವ ಮುಂಚೆ ಒಂದು ಅಭ್ಯಾಸದ ಸೀನು ಮತ್ತು ಅದರ ಪಟ್ಟಿ ಕೇಳಿ ತರಿಸಿಕೊಂಡು, ಕೊನೆಯ ಸಾಲು ತಾಳೆಯಾಗುತ್ತದಾ ನೋಡಿ.