ಪಂಚಾಯತಿಗೆ ಹವಾಮಾನ ತಂಡ ಕಟ್ಟಿಕೊಡುವ ತರಬೇತಿ: ಕರೆಸಿ, ಆದರೆ ಕೆರೆ ಏರಿಗೆ ಕರೆಸಿ

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿ ಸದಸ್ಯೆ. ಮನೇಲಿ ಎರಡು ಸೀಮೆ ಹಸು, ಒಂದೂವರೆ ಎಕರೆ ಟೊಮೇಟೊ. ಹವಾಮಾನ ಬದಲಾವಣೆ ಎದುರಿಸೋಕೆ ಊರಲ್ಲೇ ಒಂದು ತಂಡ ಕಟ್ಟಿ ಯೋಜನೆ ಮಾಡಿಸ್ತೀವಿ ಅಂತ ಬೆಂಗಳೂರಿನ ಸಂಸ್ಥೆಯೊಂದು ಬಂದು ಎರಡು ದಿನ ತರಬೇತಿ ಕೊಟ್ಟಿತು. ಶುಲ್ಕ ಇಲ್ಲ, ಊಟ ತಿಂಡಿ ಮಾತ್ರ ಪಂಚಾಯತಿಯದು. ಅಕ್ಕಪಕ್ಕದ ಪಂಚಾಯತಿಯವರು ಹೇಗಿತ್ತು ಅಂತ ಕೇಳ್ತಾ ಇದ್ದಾರೆ, ಅದಕ್ಕೇ ಬರೀತಿದ್ದೀನಿ. 5ಕ್ಕೆ 3 ಕೊಡ್ತೀನಿ. ಅದರಲ್ಲಿ ಎರಡು ಎರಡನೇ ದಿನದ್ದು.

ಮೊದಲ ದಿನ ಪಂಚಾಯತಿ ಸಭಾಂಗಣದಲ್ಲಿ ಪರದೆ ಕಟ್ಟಿ ಹಿಮ ಕರಗೋದನ್ನ ತೋರಿಸಿದರು. ಅಕ್ಷರ ಎಲ್ಲ ಇಂಗ್ಲಿಷ್. ಹನ್ನೆರಡಕ್ಕೆ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಎದ್ದು ಹೋದರು. ಅವರನ್ನ ಅನ್ನೋ ಹಾಗಿಲ್ಲ, ಹಸುವಿಗೆ ನೀರಿಡೋ ಹೊತ್ತು ಅದು. 2021ರ ನವೆಂಬರ್‌ನಲ್ಲಿ ಬಿಡದೆ ಸುರಿದ ಮಳೆಗೆ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆ ಒಡೆದದ್ದು, ಟೊಮೇಟೊ ಗಿಡದಲ್ಲೇ ಕೊಳೆತದ್ದು ನಮ್ಮಲ್ಲಿ ಯಾರಿಗೆ ಮರೆತಿದೆ? ವರ್ಷಗಟ್ಟಲೆ ಒಣಗಿ ಬಿರಿದಿದ್ದ ಕೆರೆಗಳು ಅದೇ ಮಳೆಗೆ ಕೋಡಿ ಹರಿದವು. ಮಾತು ಅಲ್ಲಿಂದ ಶುರುವಾಗಬೇಕಿತ್ತು.

ಮಧ್ಯಾಹ್ನ ತಂಡದ ಪಟ್ಟಿ ಕೈಗೆ ಕೊಟ್ಟರು. ಅಧ್ಯಕ್ಷರು, ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಕಾರ್ಯದರ್ಶಿ, ಹೆಡ್ ಮಾಸ್ತರು, ಹೀಗೆ ಬರೀ ಹುದ್ದೆಗಳು. ನಮ್ಮಲ್ಲಿ ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯ ಸಮಿತಿ ಮೊದಲೇ ಇವೆ. 2002ರ ಕಾಯ್ದೆ ಪ್ರಕಾರ ಜೀವವೈವಿಧ್ಯ ಸಮಿತಿಯೂ ಇದೆ. ಎಲ್ಲದರಲ್ಲೂ ಇದೇ ಹೆಸರುಗಳು. ‘ಇನ್ನೊಂದು ಸಮಿತಿ ಆದರೆ ರುಜು ಹಾಕೋ ಪುಸ್ತಕ ಇನ್ನೊಂದು ಆಗುತ್ತೆ ಅಷ್ಟೇ’ ಅಂತ ನಾನು ಎದ್ದು ನಿಂತು ಹೇಳಿದೆ. ತರಬೇತಿ ಕೊಡೋಕೆ ಬಂದಿದ್ದ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ‘ಹಾಗಾದರೆ ನಾಳೆ ನೀವೇ ಕರ್ಕೊಂಡು ಹೋಗಿ ಅಕ್ಕ, ಯಾರನ್ನ ಕೇಳಬೇಕೋ ತೋರಿಸಿ’ ಅಂದಳು. ಆ ಮಾತಿಗೇ ಒಂದು ಅಂಕ.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಕೆರೆ ಏರಿ ಮೇಲೆ ಸೇರಿದೆವು. ಕೆರೆಯಿಂದ ಹೊಲಗದ್ದೆಗೆ ನೀರು ಬಿಡೋ ನಮ್ಮ ನೀರುಗಂಟಿ ತಾತನಿಗೆ ಎಪ್ಪತ್ತು ದಾಟಿದೆ. ಚಪ್ಪಲಿ ಬಿಟ್ಟು ತೂಬಿನ ಹತ್ತಿರ ಇಳಿದು, ಕೈಲಿದ್ದ ಹೊಂಗೆ ಕೋಲನ್ನ ಹೂಳಿಗೆ ಚುಚ್ಚಿದರು. ಮೊಣಕೈವರೆಗೂ ಇಳಿಯಿತು. ‘ನೀರು ಹೊರಗೆ ಹೋಗೋ ತೂಬಿನ ಕೆಳಗಿನ ಕಣ್ಣು ಇಲ್ಲಿದೆ, ಅದು ಹೂತುಹೋಗಿ ಎಷ್ಟೋ ಕಾಲ ಆಯ್ತು. ಮೇಲಿನ ಕಣ್ಣಿಗೆ ನೀರು ಬರೋ ಹೊತ್ತಿಗೆ ಅತ್ಲಾಗೆ ಕೋಡಿ ಹೋಗ್ತಿರುತ್ತೆ’ ಅಂದರು. ಆಮೇಲೆ ರಾಜಕಾಲುವೆ ಗುಂಟ ನಡೆಸಿಕೊಂಡು ಹೋಗಿ ಎಲ್ಲಿ ಒತ್ತುವರಿ, ಎಲ್ಲಿ ಜಾಲಿ ಬೆಳೆದು ನೀರು ತಿರುಗಿಕೊಳ್ಳುತ್ತೆ, ಎಲ್ಲಿ ನೀಲಗಿರಿ ತೋಪು ಅಂತ ಒಂದೊಂದೇ ತೋರಿಸಿದರು. ಆ ಹುಡುಗಿ ಸುಣ್ಣದಪುಡಿಯಲ್ಲಿ ಏರಿ ಮೇಲೆಯೇ ನಕ್ಷೆ ಬರೆಸಿದಳು. ಮೂವತ್ತು ಜನ ಬಗ್ಗಿ ನಿಂತು ‘ಅಲ್ಲ, ಹಳ್ಳ ಇತ್ಲಾಗೆ’ ಅಂತ ತಿದ್ದಿದರು. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮ ಕೋಲಾರ, ವರ್ಷಕ್ಕೆ ಬೀಳೋ ಮಳೆ 750 ಮಿಲಿಮೀಟರ್ ಆಸುಪಾಸು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಬಿಟ್ಟದ್ದು, ಜಿಲ್ಲೆಯ ಎಷ್ಟೋ ಕೆರೆಗೆ ಬಂದಿದೆ, ನಮ್ಮ ಕೆರೆಗೆ ಬಂದಿಲ್ಲ. ಬಿದ್ದ ಮಳೆಯೇ ಗತಿ.

ತಂಡ ಅಲ್ಲೇ ಆಯಿತು. ನೀರುಗಂಟಿ ತಾತ ಮೊದಲನೇ ಹೆಸರು. ಬಿಸಿಲು ಏರಿದಾಗ ಸೀಮೆ ಹಸುವಿನ ಹಾಲು ಎಷ್ಟು ಇಳೀತು ಅನ್ನೋದು ಡೇರಿ ಕಾರ್ಯದರ್ಶಿ ಪುಸ್ತಕದಲ್ಲಿ ದಿನದಿನಕ್ಕೂ ಇದೆ, ಅವರು ಬಂದರು. ಬೇಸಿಗೆಯಲ್ಲಿ ಯಾವ ಮನೆ ಅಜ್ಜಿಗೆ ತಲೆಸುತ್ತು ಬಂತು ಅಂತ ಗೊತ್ತಿರೋ ಆಶಾ ಕಾರ್ಯಕರ್ತೆ, ಕುರಿ ಮೇಯಿಸೋ ಒಬ್ಬ ಅಣ್ಣ, ಬೋರ್‌ವೆಲ್ ಮೋಟಾರು ಎತ್ತೋ ಹುಡುಗ, ಸಂಘದ ಮೂವರು. ಹುದ್ದೆಯವರು ಪಿಡಿಒ ಮತ್ತೆ ಅಧ್ಯಕ್ಷರು ಇಬ್ಬರೇ.

ಇನ್ನೊಂದು ಒಳ್ಳೆ ಸಲಹೆ ಕೊಟ್ಟರು: ತಂಡದ ಕೆಲಸಪಟ್ಟಿಯನ್ನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಪಂಚಾಯತಿಯ ಅಭಿವೃದ್ಧಿ ಯೋಜನೆಯಾದ ‘ನಮ್ಮ ಗ್ರಾಮ ನಮ್ಮ ಯೋಜನೆ’ಗೆ ಸೇರಿಸಿ ಅಂತ. ಸೇರದಿದ್ದರೆ ದುಡ್ಡು ಬರಲ್ಲ. ಇದನ್ನ ಯಾರೂ ನಮಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಕೇರಳದ ವಯನಾಡಿನ ಮೀನಂಗಾಡಿ ಪಂಚಾಯತಿಯ ಉದಾಹರಣೆಯನ್ನೂ ಹೇಳಿದರು. ಊರು ಗಾಳಿಗೆ ಬಿಡೋ ಇಂಗಾಲ ಎಷ್ಟೋ ಅಷ್ಟನ್ನ ಗಿಡಮರ ಹೀರಿಕೊಳ್ಳೋ ಹಾಗೆ ಲೆಕ್ಕ ಸರಿದೂಗಿಸೋ ಪಣವನ್ನ 2016ರಲ್ಲಿ ತೊಟ್ಟ ಊರು ಅದು. ಗಿಡ ನೆಟ್ಟು ಉಳಿಸಿಕೊಂಡ ರೈತನಿಗೆ ಗಿಡಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ. ಕೇಳಿ ಆಸೆ ಆಯಿತು. ಆದರೆ ವಯನಾಡಿನ ಮಳೆ ಬೇರೆ, ನಮ್ಮದು ಬೇರೆ. ಇಲ್ಲಿ ಗಿಡ ನೆಡೋಕೆ ಮುಂಚೆ ಮೊದಲ ಎರಡು ಬೇಸಿಗೆ ಕೊಡದಲ್ಲಿ ನೀರು ಹೊರೋರು ಯಾರು ಅಂತ ಬರೆದಿಡಬೇಕು.

ಎರಡು ಅಂಕ ಕಳೆದದ್ದು ಯಾಕೆ ಅಂದರೆ, ಒಂದು ಆ ಮೊದಲ ದಿನಕ್ಕೆ. ಇನ್ನೊಂದು, ಮೂರು ತಿಂಗಳಿಗೆ ಮತ್ತೆ ಬರ್ತೀವಿ ಅಂದವರು ಬರಲಿಲ್ಲ. ಫೋನ್ ಮಾಡಿದರೆ ‘ಮುಂದಿನ ತಿಂಗಳು ಮೇಡಂ’ ಅಂತಾರೆ. ತಾತ ಎರಡು ಸಲ ಕೇಳಿದರು, ‘ಆ ಮಗು ಬರುತ್ತೇನಮ್ಮಾ?’ ನೀವು ಕರೆಸೋದಾದರೆ ಮರುಭೇಟಿಯ ತಾರೀಖನ್ನ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ. ನಮ್ಮ ತಂಡ ಈಗ ತಿಂಗಳಿಗೊಮ್ಮೆ ಡೇರಿ ಜಗಲಿ ಮೇಲೆ ಸೇರುತ್ತೆ, ಬೆಳಗಿನ ಹಾಲು ಹಾಕಿದ ಮೇಲೆ.