ಗಾಜಿನ ಪೆಟ್ಟಿಗೆಯೊಳಗೆ ಸೀಸದ ಲಂಗರು ಇಡಬೇಡಿ

ಕಳೆದ ದಸರಾದಲ್ಲಿ ಪಾಡ್ಯದ ಹಿಂದಿನ ಸಂಜೆ ಮನೆಯಲ್ಲಿ ಗೊಂಬೆಯ ಮೆಟ್ಟಿಲು ಜೋಡಿಸುತ್ತಿದ್ದೆವು. ಮೇಲೆ ಪಟ್ಟದ ಗೊಂಬೆ, ಕೆಳಗೆ ಸಂತೆ, ಪಾರ್ಕು, ಪಕ್ಕದಲ್ಲಿ ಈ ಸಲ ಹೊಸದಾಗಿ ನಾನು ಕಟ್ಟಿದ ಉಗಿಹಡಗಿನ ಮಾದರಿ. ಹನ್ನೊಂದು ತಿಂಗಳು ಮುಚ್ಚಿಯೇ ಇದ್ದ ಗಾಜಿನ ಪೆಟ್ಟಿಗೆ ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಹುಳಿ ವಾಸನೆ. ಆಮೇಲೆ ಲಂಗರು ಕಣ್ಣಿಗೆ ಬಿತ್ತು. ಕಪ್ಪು ಬಣ್ಣ ಬಿರಿದು ಒಳಗಿಂದ ಬಿಳೀ ಹಿಟ್ಟು ಉಕ್ಕಿತ್ತು. ಡೆಕ್ಕಿನ ಮೇಲೆಲ್ಲ ರಂಗೋಲಿ ಪುಡಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ತಂಗಿಯ ಮಗಳಿಗೆ ಐದು ವರ್ಷ. "ಮಾಮ, ಇದು ಸಕ್ಕರೆಯಾ?" ಅಂತ ಬೆರಳಿಟ್ಟೇಬಿಟ್ಟಳು. ಆ ಬೆರಳು ಬಾಯಿಗೆ ಹೋಗುವ ಮುಂಚೆ ಕೈ ಹಿಡಿದುಕೊಂಡೆ. ಆ ಕ್ಷಣ ನೆನೆದರೆ ಈಗಲೂ ನಿದ್ದೆ ಹಾರಿಹೋಗುತ್ತದೆ.

ಅದು ಸೀಸದ ಪುಡಿ. ಮೈಸೂರಿನಲ್ಲಿ, ಮಂಡ್ಯದಲ್ಲಿ ನನ್ನ ಹಾಗೆ ಮನೆಯಲ್ಲೇ ಕೂತು ಹಡಗು, ರೈಲು ಎಂಜಿನ್ ಮಾದರಿ ಕಟ್ಟುವವರು ಬೆರಳೆಣಿಕೆಯಷ್ಟೇ ಇರಬಹುದು. ಆ ಕೆಲವರಿಗಾದರೂ ಈ ವಿಷಯ ಗೊತ್ತಿರಲಿ.

ನಾನು ಕಟ್ಟಿದ್ದು ಸ್ಕಾಟ್ಲೆಂಡಿನ ಕ್ಲೈಡ್ ಪಫರ್. ಕಲ್ಲಿದ್ದಲು, ದಿನಸಿ ಹೊತ್ತು ಪಶ್ಚಿಮ ತೀರದ ದ್ವೀಪಗಳಿಗೆ ಹೋಗುತ್ತಿದ್ದ ಗಿಡ್ಡ ಸರಕು ಹಡಗು ಅದು. ಫೋರ್ತ್ ಅಂಡ್ ಕ್ಲೈಡ್ ಕಾಲುವೆಯ ಲಾಕುಗಳೊಳಗೆ, ಅಂದರೆ ನೀರು ಏರಿಳಿಸಿ ಹಡಗು ದಾಟಿಸುವ ಕಟ್ಟೆಗಳೊಳಗೆ, ಹಿಡಿಸಬೇಕಿತ್ತು, ಹಾಗಾಗಿ ಉದ್ದ ಸುಮಾರು 66 ಅಡಿ. ಮೊದಮೊದಲಿನವುಗಳಲ್ಲಿ ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ಇರಲಿಲ್ಲ, ಬಳಸಿದ ಉಗಿಯನ್ನು ಹೊಗೆಕೊಳವೆಯಿಂದಲೇ ಪಫ್ ಪಫ್ ಎಂದು ಬಿಡುತ್ತಿದ್ದವು. ಹೆಸರು ಬಂದದ್ದು ಹಾಗೆ. ತಳ ಚಪ್ಪಟೆ. ಇಳಿತದ ಹೊತ್ತಿಗೆ ಮರಳ ಮೇಲೆ ಕೂತು, ಭಾರ ಎತ್ತಿಳಿಸುವ ತನ್ನದೇ ಉಗಿ ವಿಂಚಿನಿಂದ ಸರಕು ಇಳಿಸುತ್ತಿತ್ತು. ಬಂದರೇ ಇಲ್ಲದ ಊರಿಗೂ ಹೋಗಬಲ್ಲ ಹಡಗು ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಪ್ರೀತಿ. 1:24 ಅಳತೆಯಲ್ಲಿ ಅದು 33 ಇಂಚು.

ಒಡಲು ಕಟ್ಟುವುದು ತಾಳ್ಮೆಯ ಕೆಲಸ, ಆದರೆ ಹಡಗಿಗೆ ಜೀವ ಬರುವುದು ಡೆಕ್ಕಿನ ಸಾಮಾನುಗಳಿಂದ. ಲಂಗರು, ಹಗ್ಗ ಸುತ್ತುವ ಬೊಲಾರ್ಡು, ಕಿವಿಯ ಆಕಾರದ ಗಾಳಿಕೊಳವೆ, ವಿಂಚು, ಸೀಟಿ, ದೀಪ, ಕಟಕಟೆ ಕಂಬ. ಉಗಿಯಂತ್ರದ ಸಾಮಾನು ನಿಜವಾಗಿ ಹೇಗಿರುತ್ತದೆಂದು ನೋಡಲು ನಾನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರಿನ ರೈಲ್ವೆ ಮ್ಯೂಸಿಯಂಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಹಳೇ ಎಂಜಿನ್ನುಗಳ ಸೇಫ್ಟಿ ವಾಲ್ವು, ಸೀಟಿ, ಪೈಪಿನ ತಿರುವುಗಳನ್ನೆಲ್ಲ ಅಲ್ಲೇ ನಿಂತು ಚಿತ್ರ ಬರೆದುಕೊಂಡೆ. ಒಂದೇ ಥರದವು ಹಲವು ಬೇಕಾದ ಕಡೆ ಎರಕ ಹೊಯ್ಯುವುದು ಸುಲಭ ಅನ್ನಿಸಿತು. ಬಳಪದ ಕಲ್ಲಿನಲ್ಲಿ ಅಚ್ಚು ಕೊರೆದೆ, ಬಲೆಗೆ ಕಟ್ಟುವ ಸೀಸದ ಗುಂಡು ಕರಗಿಸಿ ಹೊಯ್ದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಇಳಿಯುತ್ತದೆ, ಚಾಕುವಿಗೆ ಸಿಗುವಷ್ಟು ಮೆದು. ಹೀಗೆ 38 ಸಾಮಾನು ಮಾಡಿದೆ. ಅವಕ್ಕೆ ನಾಲ್ಕು ತಿಂಗಳು ಹಿಡಿಯಿತು. ಪ್ರೈಮರ್ ಹೊಡೆದು, ಮೇಲೆ ಎರಡು ಕೋಟು ಎನಾಮೆಲ್ ಬಳಿದಿದ್ದೆ. ಬಣ್ಣ ಬಳಿದರೆ ಸೀಸಕ್ಕೆ ಏನೂ ಆಗದು ಎಂದು ನಂಬಿದ್ದೆ, ಅದು ಸುಳ್ಳು.

ಕೆಟ್ಟದ್ದು ಪೆಟ್ಟಿಗೆಯಿಂದ. ಧೂಳು ಬೀಳಬಾರದೆಂದು ಗಾಳಿಯಾಡದ ಹಾಗೆ ಮಾಡಿಕೊಡಿ ಎಂದು ಅಂಗಡಿಯವರಿಗೆ ನಾನೇ ಹೇಳಿದ್ದೆ. ಪ್ಲೈವುಡ್ ತಳ, ಅದರ ಮೇಲೆ ತೇಗದ ಪಟ್ಟಿ, ಬಿಳೀ ಅಂಟು, ಗಾಜಿನ ಮೂಲೆಗಳಿಗೆ ಸಿಲಿಕೋನ್. ಆ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತಿತ್ತು. ವಿನೆಗರ್ ವಾಸನೆಯ ಸಿಲಿಕೋನು ಒಣಗುತ್ತಾ ನಿಜವಾಗಿಯೇ ಅಸಿಟಿಕ್ ಆಮ್ಲ ಬಿಡುತ್ತದೆ. ಬಿಳೀ ಮರದ ಅಂಟು ಕೂಡ ನಿಧಾನಕ್ಕೆ ಅದನ್ನೇ ಬಿಡುತ್ತದೆ, ಮರವೂ ಅಷ್ಟೆ. ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಅದು ಫಾರ್ಮಿಕ್ ಆಮ್ಲವಾಗುತ್ತದೆ. ಇಷ್ಟೂ ಆವಿ ಹೊರಹೋಗಲು ಜಾಗವಿಲ್ಲದೆ ನನ್ನ ಹಡಗಿನ ಸುತ್ತ ತುಂಬಿಕೊಂಡಿತ್ತು. ಮಳೆಗಾಲದ ತೇವ ಬೇರೆ.

ಸೀಸಕ್ಕೆ ಆ ಆವಿ ತಗುಲಿದರೆ ಮೊದಲು ಸೀಸದ ಅಸಿಟೇಟ್ ಆಗುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಅದನ್ನು ಕಾರ್ಬೊನೇಟ್ ಮಾಡಿ, ಆಮ್ಲವನ್ನು ಮತ್ತೆ ಬಿಡುಗಡೆ ಮಾಡುತ್ತದೆ. ಅದೇ ಆಮ್ಲ ಮತ್ತೆ ಸೀಸಕ್ಕೆ ಬಾಯಿ ಹಾಕುತ್ತದೆ. ಹಾಗಾಗಿ ಚೂರೇ ಚೂರು ಆಮ್ಲ ಸಾಕು, ಇಡೀ ಲಂಗರನ್ನು ತಿಂದು ಮುಗಿಸಲು. ಹಿಂದೆ ಯುರೋಪಿನಲ್ಲಿ ಬಿಳೀ ಬಣ್ಣಕ್ಕೆ ಸಫೇದ ತಯಾರಿಸುತ್ತಿದ್ದದ್ದೂ ಹೀಗೆಯೇ. ಮಡಕೆಯಲ್ಲಿ ವಿನೆಗರ್, ಅದರ ಮೇಲೆ ಸೀಸದ ಸುರುಳಿ ಇಟ್ಟು, ಕುದುರೆ ಲದ್ದಿಯಲ್ಲಿ ತಿಂಗಳುಗಟ್ಟಲೆ ಹೂಳುತ್ತಿದ್ದರು. ನಮ್ಮ ಮೈಸೂರು ಚಿತ್ರಕಲೆಯಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸಕ್ಕೆ ಬಳಸುತ್ತಿದ್ದ ಸಫೇದವೂ ಇದೇ ವಸ್ತು. ನಾನು ಗೊತ್ತಿಲ್ಲದೆ ಹಾಲ್‌ನಲ್ಲೊಂದು ಸಫೇದದ ಭಟ್ಟಿ ಇಟ್ಟುಕೊಂಡಿದ್ದೆ. ಅದರ ಪಕ್ಕದಲ್ಲೇ ಮಗು ಆಡುತ್ತಿತ್ತು.

ಮರುದಿನವೇ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿದೆವು. ಹೆದರಬೇಕಾದ್ದೇನಿಲ್ಲ ಎಂದರು ವೈದ್ಯರು. ಆದರೆ ಮಕ್ಕಳಿಗೆ ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಸೀಸದ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದು ಮಿದುಳಿಗೇ ಹೋಗುವ ವಿಷ.

ನಿಮ್ಮ ಮನೆಯಲ್ಲೂ ಇಂಥದ್ದು ಕಂಡರೆ ದಯವಿಟ್ಟು ಊದಬೇಡಿ, ಒಣ ಬ್ರಶ್ಶಿನಿಂದ ಗುಡಿಸಬೇಡಿ, ಉಜ್ಜುಕಾಗದ ಹಾಕಲೇಬೇಡಿ. ಮಕ್ಕಳನ್ನು ಆಚೆ ಕಳಿಸಿ, ಮಾಸ್ಕು, ಗ್ಲೌಸು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ. ಪುಡಿಯಾಗಲು ಶುರುವಾದ ಸಾಮಾನನ್ನು ಉಳಿಸಿಕೊಳ್ಳುವ ಆಸೆ ಬಿಡಿ. ನಾನು ಎರಡು ಬೊಲಾರ್ಡು ತೊಳೆದು ವಾರ್ನಿಷ್ ಬಳಿದು ನೋಡಿದೆ. ಆರು ವಾರಕ್ಕೆ ಮತ್ತೆ ಬೆಳ್ಳಗಾದವು. ಹಡಗಿನ ಒಡಲಲ್ಲಿ ಭಾರಕ್ಕೆಂದು ಸೀಸದ ಗುಂಡುಗಳನ್ನು ಬಿಳೀ ಅಂಟಿನಲ್ಲಿ ಕೂರಿಸಿದ್ದರೆ ಅದನ್ನೂ ತೆಗೆಯಿರಿ. ಅವು ಉಬ್ಬಿ ಒಡಲನ್ನೇ ಸೀಳುತ್ತವೆ. ಕೊಂಡು ತಂದ ಎರಕದ ಸಾಮಾನು ಯಾವ ಲೋಹದ್ದೆಂದು ಅನುಮಾನ ಬಂದರೆ ಬಣ್ಣವಿಲ್ಲದ ಜಾಗವನ್ನು ಬಿಳೀ ಕಾಗದದ ಮೇಲೆ ಎಳೆಯಿರಿ. ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೆ ಅದರಲ್ಲಿ ಸೀಸ ಹೆಚ್ಚಿದೆ. ಎಳೆದ ಮೇಲೆ ಕೈ ತೊಳೆಯಿರಿ.

ನನ್ನ ಪಫರಿನಲ್ಲಿ ಹಿತ್ತಾಳೆಯವು ಒಂದೂ ಕೆಟ್ಟಿರಲಿಲ್ಲ. ಕಟಕಟೆ ಕಂಬ, ಸೀಟಿ, ವಿಂಚಿನ ಚಕ್ರ ಕೊಂಚ ಮಂಕಾಗಿದ್ದವು, ಅಷ್ಟೆ. ಈಗ ಎಲ್ಲವನ್ನೂ ಹಿತ್ತಾಳೆ, ತಾಮ್ರದಲ್ಲೇ ಮತ್ತೆ ಮಾಡುತ್ತಿದ್ದೇನೆ. ಬೊಲಾರ್ಡುಗಳನ್ನು ಲೇತಿನಲ್ಲಿ ಹಿತ್ತಾಳೆ ಸರಳಿನಿಂದ ತಿರುಗಿಸಿದ್ದಾಯಿತು. ಗಾಳಿಕೊಳವೆಯ ಬಾಯಿಗೆ ತೆಳು ತಾಮ್ರದ ತಗಡು. ಅದನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮೆತ್ತಗಾಗುತ್ತದೆ, ಉಕ್ಕಿನ ಗುಂಡಿನ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟುತ್ತಾ ಬಂದರೆ ಬಟ್ಟಲಾಗುತ್ತದೆ. ಗಟ್ಟಿಯಾಯಿತೆನ್ನಿಸಿದಾಗಲೆಲ್ಲ ಮತ್ತೆ ಕಾಯಿಸಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ಬೆಸುಗೆಯಲ್ಲಿ ಮೊದಲು ಬೆಳ್ಳಿ ಬೆಸುಗೆ, ಆಮೇಲೆ ತವರದ್ದು. ಬೆಳ್ಳಿಯದಕ್ಕೆ 600 ಡಿಗ್ರಿ ದಾಟಬೇಕು, ತವರದ್ದು ಅದಕ್ಕಿಂತ ತುಂಬ ಕಡಿಮೆ ಕಾವಿಗೇ ಹರಿಯುತ್ತದೆ. ಹಿಂದುಮುಂದಾದರೆ ಮೊದಲು ಕೂರಿಸಿದ್ದು ಕಳಚಿ ಬೀಳುತ್ತದೆ. ಎರಕವೇ ಬೇಕೆನ್ನುವವರು ಸೀಸವಿಲ್ಲದ ತವರ-ಆಂಟಿಮನಿ ಮಿಶ್ರಲೋಹ ಕೇಳಿ ಕೊಳ್ಳಿ. ದುಬಾರಿಯೇನೋ ಹೌದು.

ಪೆಟ್ಟಿಗೆಯನ್ನೂ ಬದಲಾಯಿಸಿದೆ. ಅಲ್ಯೂಮಿನಿಯಂ ಚೌಕಟ್ಟು, ಅಕ್ರಿಲಿಕ್ ಹಾಳೆ, ಸಿಲಿಕೋನ್ ಬೇಕಾದ ಕಡೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ, ಒಣಗುವಾಗ ಅಸಿಟಿಕ್ ಆಮ್ಲ ಬಿಡದಂಥದ್ದು. ತಳದಲ್ಲಿ ಎರಡು ಕಡೆ ತೂತು ಬಿಟ್ಟು ತೆಳು ಬಟ್ಟೆ ಅಂಟಿಸಿದ್ದೇನೆ. ಸ್ವಲ್ಪ ಧೂಳು ಬಂದರೂ ಗಾಳಿ ಆಡಲಿ.

ಲಂಗರು ಇನ್ನೂ ಆಗಿಲ್ಲ. 3 ಮಿಲಿಮೀಟರ್ ಹಿತ್ತಾಳೆ ತಗಡಿನಲ್ಲಿ ಗರಗಸ ಹಾಕಿ ಒಂದು ಕೊಕ್ಕೆ ಕತ್ತರಿಸಿದ್ದೇನೆ, ಇನ್ನೊಂದು ಬಾಕಿ. ಆ ಸಂಜೆ ಮಗುವಿನ ಬೆರಳು ಬಿದ್ದ ಜಾಗದಲ್ಲಿ, ಮೂತಿಯ ಬಲಪಕ್ಕಕ್ಕೆ, ಡೆಕ್ಕಿನ ಮೇಲೆ ಬಿಳೀ ಕಲೆ ಹಾಗೇ ಉಳಿದಿದೆ. ಅಷ್ಟು ಹಲಗೆಯನ್ನು ತೆಗೆದು ಹೊಸದು ಕೂರಿಸಿದ ಮೇಲೆಯೇ ಲಂಗರು ಅಲ್ಲಿ ಬರುವುದು.