ಶಿರಸಿಯ ಹಿತ್ತಲಿನಲ್ಲಿ ಕ್ಯಾಟ್‌ಮಿಂಟ್: ಬೀಜವೋ, ಕಡ್ಡಿಯೋ?

ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದ ಕ್ಯಾಟ್‌ಮಿಂಟನ್ನು ಬಹುವಾರ್ಷಿಕ ಹೂಗಿಡಗಳ ನಡುವೆ ಬೆಳೆಸಬೇಕೆಂದಾಗ ಬೀಜ ಬಿತ್ತುವುದು ಮತ್ತು ಕಡ್ಡಿ ಊರುವುದು ಎಂಬ ಎರಡು ದಾರಿಗಳಿವೆ. ಶಿರಸಿಯ ನಮ್ಮ ಹಿತ್ತಲಿನಲ್ಲಿ ಎರಡನ್ನೂ ಅಕ್ಕಪಕ್ಕದ ಮಡಿಗಳಲ್ಲಿ ಬೆಳೆಸಿ ನೋಡಿದ್ದೇನೆ. ಬೀಜದಿಂದ ಬೆಳೆಸಿದವು ನೆಪೆಟಾ ರೆಸಿಮೋಸಾ ಮತ್ತು ಬೆಕ್ಕುಗಳಿಗೆ ಅತಿಪ್ರಿಯವಾದ ನೆಪೆಟಾ ಕಟಾರಿಯಾ. ಕಡ್ಡಿಯಿಂದ ಬೆಳೆಸಿದ್ದು ನೆಪೆಟಾ ಫಾಸೆನೈ. ಈ ಕೊನೆಯದು ಬೀಜ ಕಟ್ಟದ ಮಿಶ್ರತಳಿಯಾದ್ದರಿಂದ, ಆ ಹೆಸರಿನ ಬೀಜದ ಪೊಟ್ಟಣ ಕಂಡರೆ ಅದರಲ್ಲಿರುವುದು ಬೇರೆ ಜಾತಿಯೆಂದೇ ತಿಳಿಯಬೇಕು. ಅಮೆರಿಕದಲ್ಲಿ 2007ರ ವರ್ಷದ ಬಹುವಾರ್ಷಿಕ ಸಸ್ಯವೆಂದು ಆಯ್ಕೆಯಾದ ‘ವಾಕರ್ಸ್ ಲೋ’ ತಳಿಯನ್ನೂ ಕಡ್ಡಿಯಿಂದ ಅಥವಾ ಬುಡ ಸೀಳಿಯೇ ಪಡೆಯಬೇಕು.

ಬೀಜ ಬಿತ್ತಲು ನಮ್ಮ ಕಡೆ ದೀಪಾವಳಿ ಕಳೆದ ಮೇಲಿನ ಕಾಲವೇ ಸರಿ. ಮೊಳಕೆಗೆ 15ರಿಂದ 21 ಡಿಗ್ರಿ ಉಷ್ಣತೆ ಹಿತವಾಗಿದ್ದು, ಆ ತಂಪು ಘಟ್ಟದ ಮೇಲೆ ಆಗ ತಾನಾಗಿಯೇ ಸಿಗುತ್ತದೆ. ಜರಡಿ ಹಿಡಿದ ಎಲೆಗೊಬ್ಬರಕ್ಕೆ ಅಷ್ಟೇ ಹೊಳೆಮರಳು ಬೆರೆಸಿ ತಟ್ಟೆ ತುಂಬಿ, ಸಾಸಿವೆಗಿಂತ ಸಣ್ಣದಾದ ಈ ಬೀಜವನ್ನು ಮೇಲೆಯೇ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಬೆಳಕು ಬಿದ್ದರೆ ಮೊಳಕೆಗೆ ಅನುಕೂಲ, ದಪ್ಪಗೆ ಮಣ್ಣು ಮುಚ್ಚಿದರೆ ಏಳುವುದಿಲ್ಲ. ಮೇಲಿನಿಂದ ನೀರು ಹೊಯ್ದರೆ ಬೀಜ ಒಂದು ಮೂಲೆಗೆ ಸರಿದುಹೋಗುವುದರಿಂದ ತಟ್ಟೆಯನ್ನು ನೀರಿನಲ್ಲಿಟ್ಟು ಕೆಳಗಿನಿಂದಲೇ ಹೀರಿಸುತ್ತೇನೆ. ಒಂದರಿಂದ ಮೂರು ವಾರಗಳಲ್ಲಿ ಸಸಿ ಏಳುತ್ತದೆ. ಮೊದಲಿನ ಎರಡು ಎಲೆಗಳಿಂದ ಗುರುತು ಹತ್ತುವುದಿಲ್ಲ. ಆಮೇಲಿನ ಜೋಡಿಯಲ್ಲಿ ಗರಗಸದಂಚು ಮೂಡಿ, ಬೆರಳಲ್ಲಿ ತಿಕ್ಕಿದಾಗ ಘಾಟು ಬಂದರೆ ಕಳೆಯಲ್ಲವೆಂದು ನಿಶ್ಚಯವಾಗುತ್ತದೆ. ಕಟಾರಿಯಾ ಒಟ್ಟಿಗೇ ಎದ್ದಿತು. ರೆಸಿಮೋಸಾ ಹಿಂದುಮುಂದಾಗಿ ಎದ್ದಿತಲ್ಲದೆ, ಬೆಳೆದ ಮೇಲೆ ಗಿಡದಿಂದ ಗಿಡಕ್ಕೆ ಎತ್ತರವೂ ಹೂವಿನ ನೀಲಿಯೂ ಬದಲಾದವು. ನನಗೆ ಆ ವ್ಯತ್ಯಾಸವೇ ಇಷ್ಟ. ಆದರೆ ಮಡಿಯ ಅಂಚಿಗೆ ಒಂದೇ ಸಮನಾದ ಸಾಲು ಬೇಕೆನ್ನುವವರಿಗೆ ಕಡ್ಡಿಯೇ ತಕ್ಕುದು.

ಹೂ ಬಿಡದ ಎಳೆಯ ಕುಡಿಯನ್ನು ನಾಲ್ಕು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೆರಳಿನಲ್ಲಿ ಮರಳಿಗೆ ಊರಿದರೆ ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ. ತಾಯಿಗಿಡ ಸಿಕ್ಕಿತೆಂದರೆ ಇದು ಬೀಜಕ್ಕಿಂತ ಸುಲಭ. ತೊಂದರೆ ಬೆಕ್ಕಿನದು. “ನೆಟ್ಟರೆ ಬೆಕ್ಕು ತಿನ್ನುತ್ತದೆ, ಬಿತ್ತಿದರೆ ಬೆಕ್ಕಿಗೆ ತಿಳಿಯುವುದಿಲ್ಲ” ಎಂಬರ್ಥದ ಹಳೆಯ ಗಾದೆ ಇಂಗ್ಲೆಂಡಿನ ತೋಟಗಾರರಲ್ಲಿದೆ. ನೆಡುವಾಗ ಎಲೆ ಜಜ್ಜಿ ನೆಪೆಟಲ್ಯಾಕ್ಟೋನ್ ಎಂಬ ಪರಿಮಳದ ಅಂಶ ಹೊರಬರುವುದೇ ಅದಕ್ಕೆ ಕಾರಣ. ತಟ್ಟೆಯಿಂದ ಮಡಿಗೆ ಕಿತ್ತು ನೆಡುವ ಸಸಿಗೂ ಈ ಮಾತು ಸಲ್ಲುವುದರಿಂದ, ಎರಡಕ್ಕೂ ಮೊದಲ ವಾರಗಳಲ್ಲಿ ಮುಳ್ಳುಕೊಂಬೆ ಹೊದಿಸಲೇಬೇಕು.

ನಿಜವಾದ ಪರೀಕ್ಷೆ ಮಳೆಗಾಲದ್ದು. ರೆಸಿಮೋಸಾದ ತವರು ಕಾಕಸಸ್, ಟರ್ಕಿ, ಉತ್ತರ ಇರಾನಿನ ಒಣ ಇಳಿಜಾರುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ನಮ್ಮ ಮಳೆ ಅದಕ್ಕೆ ಪರಕೀಯ. ಬೂದುಬಣ್ಣದ ರೋಮದೆಲೆಗಳ ನಡುವೆ ನೀರು ನಿಂತು, ಗಿಡ ನಟ್ಟನಡುವಿನಿಂದ ಕೊಳೆಯತೊಡಗುತ್ತದೆ. ಫೆಬ್ರವರಿಯಲ್ಲಿ ಮಡಿಗೆ ಬಂದ ಬೀಜದ ಗಿಡಗಳು ಜೂನ್‌ಗೆ ಬೇರೂರಿ ಹೆಚ್ಚು ತಾಳಿಕೊಂಡವು. ಬೇಸಿಗೆಯ ಕೊನೆಯಲ್ಲಿ ಊರಿದ ಕಡ್ಡಿಗಳು ಆಷಾಢ ದಾಟಲಿಲ್ಲ. ಎರಡು ಸಾಲು ಚಿರೇಕಲ್ಲು ಇಟ್ಟು ಎತ್ತರಿಸಿದ ಮಡಿ, ಬುಡಕ್ಕೆ ದರಕಿನ ಬದಲು ಜಲ್ಲಿ, ಮೇ ಕೊನೆಗೆ ಅರ್ಧ ಎತ್ತರಕ್ಕೆ ಸವರುವುದು: ಈ ಮೂರೂ ಇಲ್ಲದಿದ್ದರೆ ಯಾವ ದಾರಿಯೂ ಫಲಿಸದು.

ಆದ್ದರಿಂದ ಹೊಸದಾಗಿ ತೊಡಗುವವರಿಗೆ ನವೆಂಬರ್‌ನಲ್ಲಿ ರೆಸಿಮೋಸಾ ಬೀಜ ಬಿತ್ತಲು ಹೇಳುತ್ತೇನೆ. ಅವುಗಳಲ್ಲಿ ಮಳೆ ತಡೆದು ಉಳಿದ ಗಿಡದಿಂದಲೇ ಅಕ್ಟೋಬರ್‌ನಲ್ಲಿ ಕಡ್ಡಿ ತೆಗೆದರೆ, ಈ ಮಣ್ಣಿಗೆ ಹೊಂದಿದ ಗಿಡವೇ ಸಾಲಾಗಿ ಬೆಳೆಯುತ್ತದೆ. ಕಟಾರಿಯಾ ಮಾತ್ರ ಮಾಡಿನ ಕೆಳಗಿನ ಕುಂಡದಲ್ಲಿರಲಿ. ಬೀಜ ಉದುರಿಸಿ ಮಡಿಯಿಡೀ ಹಬ್ಬುವ ಗುಣ ಅದಕ್ಕಿದೆ, ಹೂ ಒಣಗುವ ಮೊದಲೇ ತೆನೆ ಕತ್ತರಿಸಬೇಕು.